20 ಕೆಜಿ ಪಿವಿಸಿ ಡಂಬೆಲ್ ಸೆಟ್: ಬಾಡಿಗೆ ಮನೇಲಿ ವರ್ಕೌಟ್ ಮಾಡೋರಿಗೆ ಸಾಕಾ?

ಮನೇಲೇ ವರ್ಕೌಟ್ ಶುರು ಮಾಡೋಣ ಅಂತಿರೋರಿಗೆ ಆನ್‌ಲೈನ್‌ನಲ್ಲಿ ಮೊದ್ಲು ಕಣ್ಣಿಗೆ ಬೀಳೋದೇ ಈ ಕಾಂಬೋ, 20 ಕೆಜಿ ಪ್ಲೇಟು, ಎರಡು ಡಂಬೆಲ್ ರಾಡು, ಒಂದು 3 ಅಡಿ ರಾಡು, ಜೊತೆಗೆ ಗ್ಲೌಸು, ಸ್ಕಿಪ್ಪಿಂಗ್ ಹಗ್ಗ ಎಲ್ಲಾ ಸೇರಿ ಸಾವಿರದೈನೂರರ ಒಳಗೆ. ಕೆಲವು ತಿಂಗಳಿಂದ ಬಳಸ್ತಿದೀನಿ, ಶುರು ಮಾಡೋರಿಗೆ ಪ್ಲೇಟು ರಾಡು ಧಾರಾಳವಾಗಿ ಸಾಕು, ಉಳಿದಿದ್ದಕ್ಕೆ ದುಡ್ಡು ಹಾಕ್ಬೇಡಿ.

ಈ ಪ್ಲೇಟು ಹೊರಗೆ ಪ್ಲಾಸ್ಟಿಕ್, ಒಳಗೆ ಮರಳು ಸಿಮೆಂಟು ಥರದ್ದು ತುಂಬಿರ್ತಾರೆ. ತುಕ್ಕು ಹಿಡಿಯಲ್ಲ, ಟೈಲ್ಸ್ ಮೇಲೆ ಇಟ್ರೆ ಕಬ್ಬಿಣದಷ್ಟು ಸದ್ದಿಲ್ಲ, ಕೆಳಗಡೆ ಓನರ್ ಮನೆ ಇರೋರಿಗೆ ಇದು ದೊಡ್ಡ ವಿಷಯ. ಆದ್ರೆ ಅದೇ ತೂಕಕ್ಕೆ ಕಬ್ಬಿಣಕ್ಕಿಂತ ತುಂಬಾ ದಪ್ಪ, ದೊಡ್ಡ ಪ್ಲೇಟು ಎರಡೆರಡು ಹಾಕಿದ್ರೆ ರಾಡಲ್ಲಿ ನಟ್ ಕೂರೋಕೇ ಜಾಗ ಇರಲ್ಲ. ಇನ್ನೊಂದು, ಪಕ್ಕದ ದಿನಸಿ ಅಂಗಡಿ ತಕ್ಕಡೀಲಿ ಇಟ್ಟು ನೋಡ್ದೆ, 3 ಕೆಜಿ ಅಂತ ಬರೆದಿರೋ ಒಂದು ಪ್ಲೇಟು 2 ಕೆಜಿ 800 ಗ್ರಾಂ, ಇನ್ನೊಂದು 3ಕ್ಕಿಂತ ಸ್ವಲ್ಪ ಜಾಸ್ತಿ. ಎರಡೂ ಕೈಗೆ ಒಂದೇ ಭಾರ ಬೀಳ್ಬೇಕಲ್ವಾ, ಅದಕ್ಕೆ ತೂಕ ಮಾಡಿ ಮಾರ್ಕರ್‌ನಲ್ಲಿ ಬರೆದು ಜೋಡಿ ಮಾಡ್ಕೊಳ್ಳಿ. ನಟ್ ಕೂಡ ಕರ್ಲ್ (ಮೊಣಕೈ ಮಡಚಿ ಡಂಬೆಲ್ ಎತ್ತೋದು) ಮಾಡ್ತಾ ಮಾಡ್ತಾ ಸಡಿಲ ಆಗುತ್ತೆ, ಪ್ರತಿ ಸೆಟ್ಟಿಗೆ ಮುಂಚೆ ಒಂದ್ಸಲ ಬಿಗಿ ಮಾಡಿ, ತಲೆ ಮೇಲೆ ಎತ್ತೋವಾಗಂತೂ ಮರೀಲೇಬೇಡಿ.

ಗ್ಲೌಸ್ ಹೊಲಿಗೆ ಬೇಗ ಬಿಟ್ಕೊಳ್ತು, ಹಗ್ಗನೂ ಅಷ್ಟಕ್ಕಷ್ಟೇ. ಆ ದುಡ್ಡಲ್ಲಿ ಒಂದು ಉದ್ದದ ಲೂಪ್ ಬ್ಯಾಂಡ್, ಅಂದ್ರೆ ಬಳೆ ಥರ ಸುತ್ತಿರೋ ರಬ್ಬರ್ ಪಟ್ಟಿ ತಗೊಳ್ಳಿ, ನಿಜವಾಗ್ಲೂ ನಂಗೆ ಡಂಬೆಲ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ಗಟ್ಟಿ ಕಿಟಕಿ ಗ್ರಿಲ್‌ಗೆ ಸಿಕ್ಕಿಸಿ ಎಳೆದ್ರೆ ಬೆನ್ನಿಗೆ ಒಳ್ಳೆ ವರ್ಕೌಟ್ ಆಗುತ್ತೆ, ಗೋಡೆಗೆ ಡ್ರಿಲ್ ಹೊಡೆದು ಪುಲ್‌ಅಪ್ ಬಾರ್ ಹಾಕೋ ರಗಳೆ ಇಲ್ಲ. ರಬ್ಬರ್ ಆಗಿರೋದ್ರಿಂದ ಬಿಸಿಲಲ್ಲಿ ಬಿಡ್ಬೇಡಿ, ಸಣ್ಣ ಬಿರುಕು ಕಂಡ್ರೂ ಬಿಸಾಕಿ, ಎಳೆದಾಗ ತುಂಡಾದ್ರೆ ಮುಖಕ್ಕೇ ಹೊಡೆಯುತ್ತೆ.

ಕಾಲಿಗೆ ಮಾತ್ರ 20 ಕೆಜಿ ಬೇಗ ಸಾಲದಾಗುತ್ತೆ. ಆಗ 20 ಲೀಟರ್ ನೀರಿನ ಕ್ಯಾನು ತಬ್ಕೊಂಡು ಸ್ಕ್ವಾಟ್ ಮಾಡಿ, ಅದೂ ಸುಮಾರು 20 ಕೆಜಿನೇ ಆದ್ರೂ, ಮುಂದೆ ತಬ್ಕೊಂಡು ಹಿಡಿಯೋದ್ರಿಂದ ಸೊಂಟ ಹೊಟ್ಟೆಗೂ ಕೆಲಸ ಬೀಳುತ್ತೆ. ನಮ್ಮ ಮೈಸೂರು ಗರಡಿ ಮನೆಗಳಲ್ಲಿ ದಂಡ ಬಸ್ಕಿ ಹೊಡೆದೇ ಪೈಲ್ವಾನ್ರು ಮೈ ಕಟ್ಟಿದ್ದು, ಅದಕ್ಕಂತೂ ಒಂದು ರೂಪಾಯಿ ಖರ್ಚಿಲ್ಲ.

ಜಾಗ ಅಂದ್ರೆ ಒಂದು ಮ್ಯಾಟ್ ಹಾಸಿ ಎರಡೂ ಕಡೆ ಕೈ ಚಾಚೋಷ್ಟಿದ್ರೆ ಆಯ್ತು, ಮ್ಯಾಟು 6 ಎಂಎಂ ಇರ್ಲಿ, ತೆಳ್ಳಗಿದ್ರೆ ಟೈಲ್ಸ್ ಮೇಲೆ ಮಂಡಿ ನೋಯುತ್ತೆ. ಫ್ಯಾನ್ ಕೆಳಗೆ ನಿಂತು ರಾಡ್ ಎತ್ಬೇಡಿ.

ಆದಷ್ಟು ನಿಮ್ಮೂರಿನ ಸ್ಪೋರ್ಟ್ಸ್ ಅಂಗಡೀಲೇ ಪ್ಲೇಟು ರಾಡು ಬಿಡಿಯಾಗಿ ಕೇಳಿ. ನಟ್ ತಿರುಗಿಸಿ ನೋಡ್ಬಹುದು, ಪ್ಲೇಟಿನ ಅಂಚಲ್ಲಿ ಸೀಳು ಇದ್ರೆ ಅಲ್ಲೇ ಬದಲಾಯಿಸ್ಕೊಳ್ಬಹುದು, ಮುಂದೆ ತೂಕ ಜಾಸ್ತಿ ಬೇಕಾದ್ರೆ ಅದೇ ರಾಡಿಗೆ ಹೊಂದೋ ಕಬ್ಬಿಣದ ಪ್ಲೇಟು ಕೆಜಿ ಲೆಕ್ಕದಲ್ಲಿ ಸೇರಿಸ್ಕೊಳ್ತಾ ಹೋಗ್ಬಹುದು.