ಭೂಕಂಪದ ಕಿಟ್: ಸ್ಪ್ರಿಂಗ್‌ಗೆ ಪೂರ್ತಿ ಅಂಕ, ಸುನಾಮಿ ತೊಟ್ಟಿಗೆ ಅರ್ಧ

ಪಾಂಡವಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ಭೂಕಂಪ, ಭೂಫಲಕ (ಭೂಮಿಯ ಗಟ್ಟಿ ಹೊರಪದರದ ದೊಡ್ಡ ದೊಡ್ಡ ತುಂಡುಗಳು), ಸುನಾಮಿ ಮೂರನ್ನೂ ಮಾಡಿ ತೋರಿಸಬಹುದು ಅಂತ ಬರೆದಿದ್ದ ಒಂದು ಕಿಟ್ಟನ್ನು ಬೇಸಿಗೆ ರಜೆಯಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ನೋಡಿದೆ. ಬೆಲೆ 2,650 ರೂಪಾಯಿ. ಜಾಸ್ತಿ ಅನ್ನಿಸಿತು. ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ವಾಪಸ್ ಇಟ್ಟೆ, ಕೊನೆಗೆ ಸ್ವಂತ ದುಡ್ಡು ಕೊಟ್ಟು ತಂದೇಬಿಟ್ಟೆ. ಈಗ ಮೂರು ತಿಂಗಳಾಯಿತು, ಎರಡು ಸೆಕ್ಷನ್ ಮಕ್ಕಳ ಕೈಯಲ್ಲಿ ಓಡಾಡಿದೆ. ಕೊಳ್ಳಬೇಕು ಅಂತಿರುವ ಮೇಷ್ಟ್ರುಗಳಿಗೆ, ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಕಡೆ ಮಕ್ಕಳಿಗೆ ನೆಲ ಅದುರುವುದು ಹೊಸದೇನೂ ಅಲ್ಲ. ಬೇಬಿ ಬೆಟ್ಟದ ಸುತ್ತ ಕ್ವಾರಿಗಳಲ್ಲಿ ಕಲ್ಲು ಸಿಡಿಸುವಾಗ ಕಿಟಕಿ ಗಲಗಲ ಅಂದಿದ್ದು, ಅಟ್ಟದ ಮೇಲಿನ ಪಾತ್ರೆ ಸದ್ದು ಮಾಡಿದ್ದು ಎಲ್ಲ ಮನೆಯಲ್ಲೂ ಕೇಳಿದ ಮಾತು. 2024ರ ಜನವರಿಯಲ್ಲಿ ಹೈಕೋರ್ಟು ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂದಾಗ ನಮ್ಮ ತರಗತಿಯಲ್ಲಿ ಅರ್ಧ ದಿನ ಅದೇ ಚರ್ಚೆ. ಹಾಗಾಗಿ ಭೂಕಂಪದ ಪಾಠ ತೆಗೆದರೆ ಮೊದಲು ಬರುವ ಪ್ರಶ್ನೆ, "ಮಿಸ್, ಕ್ವಾರಿ ಬ್ಲಾಸ್ಟಿಂಗ್‌ಗೂ ಭೂಕಂಪಕ್ಕೂ ಏನ್ ವ್ಯತ್ಯಾಸ?" ಇದಕ್ಕೆ ಈ ಪೆಟ್ಟಿಗೆಯಿಂದ ಉತ್ತರ ಕೊಡಲು ಆಗುತ್ತಾ ಅನ್ನುವುದನ್ನೇ ನಾನು ಮುಖ್ಯವಾಗಿ ನೋಡಿದೆ.

ಪೆಟ್ಟಿಗೆಯಲ್ಲಿ ಇರುವುದು ಇಷ್ಟು: ಭೂಫಲಕಗಳ ಮರದ ನಕ್ಷೆ, ಒರಟು ಅಂಚಿನ ಎರಡು ಸ್ಪಂಜಿನ ದಿಮ್ಮಿ, ಉದ್ದನೆಯ ಲೋಹದ ಸ್ಪ್ರಿಂಗ್, ಕೈಯಲ್ಲಿ ತಿರುಗಿಸಿ ಅಲುಗಾಡಿಸುವ ಒಂದು ಪುಟ್ಟ ಮೇಜು, ಅದರ ಮೇಲೆ ಕಟ್ಟಲು ಮರದ ತುಂಡುಗಳು ಮತ್ತು ಕಡ್ಡಿಗಳು, ಸುನಾಮಿಗೆ ಅಂತ ಮೂರು ಅಡಿ ಉದ್ದದ ಪಾರದರ್ಶಕ ತೊಟ್ಟಿ, ಜೊತೆಗೊಂದು ಪುಸ್ತಿಕೆ.

ನಕ್ಷೆ ಚೆನ್ನಾಗಿದೆ. ತುಂಡುಗಳು ದಪ್ಪ, ಬೇಗ ಮುರಿಯುವಂಥವಲ್ಲ. ನಮ್ಮ ಫಲಕವನ್ನು ಎತ್ತಿ ಹಿಡಿದರೆ ಅದರಲ್ಲಿ ಭಾರತ ಮಾತ್ರ ಇಲ್ಲ, ಹಿಂದೂ ಮಹಾಸಾಗರದ ದೊಡ್ಡ ಪಾಲೂ ಇದೆ ಅನ್ನುವುದು ಮಕ್ಕಳಿಗೆ ಆಶ್ಚರ್ಯ. ಫಲಕ ಅಂದರೆ ಖಂಡ ಅಂತಲೇ ಅಂದುಕೊಂಡಿರುತ್ತಾರೆ, ಅಲ್ವಾ? ಈ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತದೆ. ಪುಸ್ತಿಕೆಯಲ್ಲಿ ಈ ಅಂಕಿ ಸುಮ್ನೆ ಬರೆದಿದೆ ಅಷ್ಟೆ. ನಾನು ಮಕ್ಕಳಿಗೆ ಲೆಕ್ಕ ಮಾಡಿಸಿದೆ. ಕೆಆರ್‌ಎಸ್ ಕಟ್ಟಿ ಮುಗಿದ 1932ರಿಂದ ಇಲ್ಲಿಯವರೆಗೆ ಎಷ್ಟಾಯಿತು ಅಂದರೆ ನಾಲ್ಕೂವರೆ ಮೀಟರ್‌ಗಿಂತ ಜಾಸ್ತಿ. ಅಣೆಕಟ್ಟು, ಕಾವೇರಿ, ನಮ್ಮ ಶಾಲೆ, ಎಲ್ಲವನ್ನೂ ಹೊತ್ತುಕೊಂಡೇ ಹೋಗಿದೆ. ಒಬ್ಬ ಹುಡುಗ ಎದ್ದು ತರಗತಿಯ ನೆಲದ ಮೇಲೆ ನಾಲ್ಕೂವರೆ ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಆ ಗೆರೆ ಒಂದು ವಾರ ಅಲ್ಲೇ ಇತ್ತು, ಯಾರೂ ಅಳಿಸಲಿಲ್ಲ.

ಸ್ಪಂಜಿನ ದಿಮ್ಮಿಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಎರಡನ್ನೂ ಒತ್ತಿ ಹಿಡಿದು ಎಳೆದರೆ ಸ್ವಲ್ಪ ಹೊತ್ತು ಕಚ್ಚಿಕೊಂಡು ಆಮೇಲೆ ಜಾರುತ್ತವೆ. ಅರ್ಥ ಸರಿ, ಆದರೆ ಸ್ಪಂಜು ಮೆತ್ತಗಿರುವುದರಿಂದ ಆ ಹೊಡೆತ ಕೈಗೆ ತಿಳಿಯುವುದಿಲ್ಲ. ಇದಕ್ಕಿಂತ ಒಳ್ಳೆಯದು ನಮ್ಮಲ್ಲಿ ಬಿಟ್ಟಿ ಸಿಗುತ್ತದೆ. ಒಂದು ಜಲ್ಲೆ ಕಬ್ಬು ತಗೊಂಡು ನಿಧಾನವಾಗಿ ಬಗ್ಗಿಸಿ. ಬಗ್ಗುತ್ತದೆ, ಇನ್ನೂ ಬಗ್ಗುತ್ತದೆ, ಏನೂ ಆಗಲಿಲ್ಲ ಅನ್ನಿಸುತ್ತದೆ, ಆಮೇಲೆ ಲಟಕ್ ಅಂತ ಮುರಿದು ಎರಡೂ ಕೈ ಜುಮ್ ಅನ್ನುತ್ತದೆ. ಬಂಡೆಯೂ ಹೀಗೇ ನೂರಾರು ವರ್ಷ ಬಗ್ಗುತ್ತಾ ಶಕ್ತಿ ಕೂಡಿಟ್ಟುಕೊಂಡು ಕೆಲವೇ ಸೆಕೆಂಡುಗಳಲ್ಲಿ ಬಿಡುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ ಆದ ಮೇಲೆ ಸರಿದುಹೋದ ಬೇಲಿ, ರಸ್ತೆಗಳನ್ನೆಲ್ಲ ನೋಡಿ ರೀಡ್ ಎಂಬ ವಿಜ್ಞಾನಿ ಈ ವಿಚಾರವನ್ನು ಮುಂದಿಟ್ಟರು. ಮಂಡ್ಯದ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಇನ್ನು ಸ್ಪ್ರಿಂಗ್. ಇಡೀ ಕಿಟ್‌ನಲ್ಲಿ ಇದೊಂದಕ್ಕೇ ದುಡ್ಡು ಕೊಡಬಹುದು. ವರಾಂಡದಲ್ಲಿ ಇಬ್ಬರು ಮಕ್ಕಳು ಎರಡು ತುದಿ ಹಿಡಿದು ಕೂರಬೇಕು. ಒಂದು ತುದಿಯನ್ನು ಮುಂದಕ್ಕೆ ತಳ್ಳಿದರೆ ಒತ್ತಡ ಸುರುಳಿಯಿಂದ ಸುರುಳಿಗೆ ದಾಟಿಕೊಂಡು ಹೋಗುತ್ತದೆ, ಅದು ಪ್ರಾಥಮಿಕ ಅಲೆ. ಅಡ್ಡಡ್ಡ ಅಲ್ಲಾಡಿಸಿದರೆ ಹಾವಿನ ಹಾಗೆ ಹೋಗುತ್ತದೆ, ಅದು ದ್ವಿತೀಯಕ ಅಲೆ. ಮೊದಲನೆಯದು ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಹೋದರೆ ಎರಡನೆಯದು ಮೂರೂವರೆ. ಮಿಂಚು ಕಂಡ ಮೇಲೆ ಗುಡುಗು ಎಷ್ಟು ಹೊತ್ತಿಗೆ ಬಂತು ಅಂತ ಎಣಿಸುತ್ತೇವಲ್ಲ, ಅದೇ ಲೆಕ್ಕ ಇಲ್ಲೂ ನಡೆಯುತ್ತದೆ. ಎರಡು ಅಲೆಗಳ ನಡುವೆ ಇರುವ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಭೂಕಂಪ ಎಷ್ಟು ಕಿಲೋಮೀಟರ್ ದೂರದಲ್ಲಿ ಆಯಿತು ಅಂತ ಹತ್ತಿರ ಹತ್ತಿರ ಸಿಗುತ್ತದೆ. ಹತ್ತು ಸೆಕೆಂಡ್ ಅಂತರ ಇದ್ದರೆ ಸುಮಾರು 80 ಕಿಲೋಮೀಟರ್. ಮೂರು ಊರಿನ ಲೆಕ್ಕ ಇದ್ದರೆ ನಕ್ಷೆಯ ಮೇಲೆ ಒಂದೊಂದು ಊರಿನ ಸುತ್ತ ಅದರ ದೂರದಷ್ಟು ಕೈವಾರ ಅಗಲಿಸಿ ವೃತ್ತ ಎಳೆಯಿರಿ, ಮೂರೂ ಕೂಡುವ ಜಾಗವೇ ಭೂಕಂಪ ಆದ ಜಾಗ. ನಾನು ಮಂಡ್ಯ, ಹಾಸನ, ಚಾಮರಾಜನಗರ ಅಂತ ಇಟ್ಟುಕೊಂಡು ಸುಳ್ಳೇ ಅಂಕಿ ಕೊಟ್ಟು ಬಿಡಿಸಿದೆ. ಗಣಿತದಲ್ಲಿ ಹಿಂದೆ ಇರುವ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಜಾಗ ಹುಡುಕಿದಳು.

ಕ್ವಾರಿ ಪ್ರಶ್ನೆಗೂ ಉತ್ತರ ಈ ಸ್ಪ್ರಿಂಗ್‌ನಲ್ಲೇ ಸಿಕ್ಕಿತು. ಮದ್ದು ಸಿಡಿದಾಗ ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ, ಹಾಗಾಗಿ ಯಾವ ಕಡೆ ಕಂಪನ ಅಳೆಯುವ ಯಂತ್ರ ಇಟ್ಟರೂ ಮೊದಲ ಏಟು ತಳ್ಳುವ ಏಟೇ. ಭೂಕಂಪದಲ್ಲಿ ಬಂಡೆ ಬಿರುಕಿನ ಉದ್ದಕ್ಕೆ ಜಾರುತ್ತದೆ, ಕೆಲವು ಕಡೆಗೆ ಮೊದಲು ತಳ್ಳಿದಂತೆ, ಕೆಲವು ಕಡೆಗೆ ಎಳೆದಂತೆ ದಾಖಲಾಗುತ್ತದೆ. ಸ್ಪ್ರಿಂಗ್ ತುದಿಯನ್ನು ಒಮ್ಮೆ ತಳ್ಳಿ, ಒಮ್ಮೆ ಎಳೆದು ತೋರಿಸಿದರೆ ಸಾಕು. ಜೊತೆಗೆ ಕ್ವಾರಿ ಸಿಡಿಯುವುದು ನೆಲದ ಮೇಲ್ಭಾಗದಲ್ಲಿ, ಭೂಕಂಪ ಹುಟ್ಟುವುದು ಸಾಮಾನ್ಯವಾಗಿ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ. ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಕಿಟ್ ಮಾಡುವವರು ಖಂಡಿತ ಸೇರಿಸಬೇಕು, ಏಕೆಂದರೆ ಕ್ವಾರಿ ಇರುವ ಪ್ರತಿ ಊರಿನ ಮಕ್ಕಳೂ ಇದನ್ನೇ ಕೇಳುತ್ತಾರೆ.

ಅಲುಗಾಡುವ ಮೇಜಿಗೂ ನನ್ನಿಂದ ಒಳ್ಳೆಯ ಮಾತು. ಹಿಡಿಕೆ ಮಾತ್ರ ಎರಡನೇ ವಾರಕ್ಕೇ ಸಡಿಲವಾಯಿತು, ಸೈಕಲ್ ಶಾಪಿನಲ್ಲಿ ಒಂದು ನಟ್ ಹಾಕಿಸಿಕೊಂಡು ಬಂದೆ. ಗಿಡ್ಡ ಕಡ್ಡಿ, ಉದ್ದ ಕಡ್ಡಿ ನಿಲ್ಲಿಸಿ ಬೇಗ ಬೇಗ ತಿರುಗಿಸಿದರೆ ಗಿಡ್ಡದು ಜೋರಾಗಿ ಆಡುತ್ತದೆ, ನಿಧಾನಕ್ಕೆ ತಿರುಗಿಸಿದರೆ ಉದ್ದದ್ದು ಆಡುತ್ತದೆ. 1985ರಲ್ಲಿ ಮೆಕ್ಸಿಕೋ ನಗರದಲ್ಲಿ ಆದದ್ದು ಇದೇ. ಭೂಕಂಪ ಹುಟ್ಟಿದ್ದು 350 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ, ಆದರೆ ನಗರ ಕೂತಿದ್ದು ಹಳೆಯ ಕೆರೆಯ ಮೆತ್ತನೆ ಮಣ್ಣಿನ ಮೇಲೆ, ಆ ಮಣ್ಣು ನಿಧಾನವಾಗಿ ತೂಗಿ ನಡು ಎತ್ತರದ ಕಟ್ಟಡಗಳನ್ನೇ ಹೆಚ್ಚು ಬೀಳಿಸಿತು.

ಆದರೆ ನನಗೆ ಮನಸ್ಸಿಗೆ ತಟ್ಟಿದ್ದು ಮರದ ತುಂಡುಗಳ ಮನೆ. ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಭಾರದ ಮುಚ್ಚಳ ಇಟ್ಟು ಅಲುಗಿಸಿದರೆ ನಾಲ್ಕು ಸುತ್ತಿಗೆ ಗೋಡೆ ಹೊರಕ್ಕೆ ಬಿಚ್ಚಿಕೊಂಡು ಮುಚ್ಚಳ ನೇರ ಕೆಳಕ್ಕೆ ಬೀಳುತ್ತದೆ. ಅದೇ ಮನೆಗೆ ಕಿಟಕಿಯ ಮೇಲೆ ಸುತ್ತಲೂ ಒಂದು ರಬ್ಬರ್ ಬ್ಯಾಂಡ್ ಹಾಕಿ ನೋಡಿ. ನಿಲ್ಲುತ್ತದೆ! ಮನೆ ಕಟ್ಟುವಾಗ ಗಾರೆಯವರು ನಾಲ್ಕೂ ಗೋಡೆ ಸೇರಿಸಿ ಹಾಕುವ ಲಿಂಟಲ್ ಬ್ಯಾಂಡಿನ ಕೆಲಸ ಇದೇ. ಇದನ್ನು ಮಾಡಿದ ದಿನ ನಾನು ಮಹಾರಾಷ್ಟ್ರದ ಕಿಲ್ಲಾರಿಯ ಕಥೆ ಹೇಳಿದೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ, ಗಣಪತಿ ಬಿಟ್ಟು ಬಂದು ಮಲಗಿದ್ದ ಜನ. ತೀವ್ರತೆ 6.2. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಮೇಲೆ ಭಾರದ ಮಾಳಿಗೆ. ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ತರಗತಿ ಪೂರ್ತಿ ಸುಮ್ಮನಾಯಿತು.

ಕಿಲ್ಲಾರಿ ಹೇಳಲು ಇನ್ನೊಂದು ಕಾರಣ ಇದೆ. ಪುಸ್ತಿಕೆಯಲ್ಲಿ "ದಕ್ಷಿಣ ಭಾರತ ಸುರಕ್ಷಿತ" ಅಂತ ಒಂದೇ ಮಾತಲ್ಲಿ ಮುಗಿಸಿದ್ದಾರೆ. ನಮ್ಮ ನೆಲ ಹಳೆಯದು, ನಿಜ. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ, ಎಚ್.ಡಿ. ಕೋಟೆ ಕಡೆಯ ಸರಗೂರಿನ ಕಲ್ಲುಗಳು 300 ಕೋಟಿ ವರ್ಷಕ್ಕೂ ಹಳೆಯವು. 2002ರ ಭೂಕಂಪ ವಲಯ ನಕ್ಷೆಯಲ್ಲಿ ಮೈಸೂರು, ಮಂಡ್ಯ ಎರಡೂ ಕಡಿಮೆ ಅಪಾಯದ 2ನೇ ವಲಯದಲ್ಲಿವೆ. ಆದರೂ ಇಡೀ ಫಲಕ ಹಿಮಾಲಯಕ್ಕೆ ಒತ್ತಿಕೊಂಡು ಕೂತಿರುವುದರಿಂದ ಒಳಗಿನ ಹಳೆ ಬಿರುಕುಗಳ ಮೇಲೂ ಒತ್ತಡ ಬೀಳುತ್ತಲೇ ಇರುತ್ತದೆ, ಕಿಲ್ಲಾರಿಯಲ್ಲಿ ಆದದ್ದೂ ಇದೇ. ಅಪಾಯ ಕಡಿಮೆ ಅನ್ನಬಹುದು, ಇಲ್ಲವೇ ಇಲ್ಲ ಅನ್ನಲು ಬರುವುದಿಲ್ಲ. ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರಿನಲ್ಲಿ ಆದ ಭೂಕಂಪವೂ ಹೀಗೇ ಗಟ್ಟಿ ನೆಲ ಅಂದುಕೊಂಡ ಕಡೆಯೇ. ಅಲ್ಲಿ 100 ಮೀಟರಿಗೂ ಎತ್ತರದ ಅಣೆಕಟ್ಟಿನ ಹಿಂದೆ ನಿಂತ ನೀರಿನ ಭಾರ, ಬಿರುಕಿನೊಳಗೆ ಇಳಿದ ನೀರಿನ ಒತ್ತಡ ಎರಡೂ ಸೇರಿ ಮೊದಲೇ ಬಿಗಿದಿದ್ದ ಬಿರುಕನ್ನು ಜಾರಿಸಿದವು ಅಂತ ವಿಜ್ಞಾನಿಗಳು ಹೇಳುತ್ತಾರೆ.

ಕೊಯ್ನಾ ಹೆಸರು ಎತ್ತಿದ್ದೇ ತಡ, ಹಿಂದಿನ ಬೆಂಚಿನಿಂದ ಬಂತು, "ಮಿಸ್, ಅಂಗಾದ್ರೆ ಕೆಆರ್‌ಎಸ್‌ಗೂ ಸುನಾಮಿ ಬತ್ತದಾ?" ಒಳ್ಳೆಯ ಪ್ರಶ್ನೆ. ಸುನಾಮಿ ಸಮುದ್ರದ ತಳ ಎದ್ದಾಗಲೋ ಕುಸಿದಾಗಲೋ ಬರುವುದು. ತುಂಬಿದ ಬಿಂದಿಗೆ ಎತ್ತಿಕೊಂಡು ನಡೆದಾಗ ನೀರು ತುಳುಕುತ್ತದಲ್ಲ, ಕಟ್ಟೆಯ ನೀರು ಹಾಗೆ ತುಳುಕಬಹುದು ಅಷ್ಟೇ. 1950ರ ಆಗಸ್ಟ್ 15ರಂದು ಅಸ್ಸಾಮಿನಲ್ಲಿ 8.6 ತೀವ್ರತೆಯ ಭೂಕಂಪ ಆದಾಗ ಅಷ್ಟು ದೂರದ ನಾರ್ವೆಯ ಕಡಲ ತೋಳುಗಳಲ್ಲಿ ನೀರು ತುಳುಕಿತ್ತು.

ಈಗ ನನಗೆ ಬೇಜಾರಾದ ಭಾಗ, ಸುನಾಮಿ ತೊಟ್ಟಿ. ಮೊದಲನೇ ದಿನವೇ ಮೂಲೆಯಲ್ಲಿ ನೀರು ಸೋರಿತು. ಅಂಗಡಿಯವರಿಗೆ ಫೋನ್ ಮಾಡಿದರೆ "ತಗೊಂಡು ಬನ್ನಿ ಮೇಡಂ, ನೋಡೋಣ" ಅಂದರು. ನೀರು ತೊಟ್ಟಿ ಹೊತ್ತು ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರುವುದು ಯಾರಿಗೆ ಆಗುತ್ತದೆ? ಎಂ-ಸೀಲ್ ಹಚ್ಚಿದೆ, ನಿಂತಿತು. ಸೋರುವುದನ್ನು ಹೀಗೆ ಸರಿ ಮಾಡಿಕೊಳ್ಳಬಹುದು, ತಪ್ಪು ಪಾಠವನ್ನು ಸರಿ ಮಾಡುವುದು ಅಷ್ಟು ಸುಲಭ ಅಲ್ಲ. ಒಂದು ತುದಿಯಲ್ಲಿ ಹಲಗೆ ಕೊಟ್ಟಿದ್ದಾರೆ, ಅದನ್ನು ಹಿಂದೆ ಮುಂದೆ ತಳ್ಳಿ ಅಲೆ ಎಬ್ಬಿಸಬೇಕು. ಇದರಿಂದ ಬರುವುದು ಗಾಳಿಗೆ ಎದ್ದಂಥ ಮೇಲ್ಮೈ ಅಲೆ. ಮಕ್ಕಳು ಅದನ್ನು ನೋಡಿ ಸುನಾಮಿ ಅಂದರೆ ದೊಡ್ಡ ಅಲೆ ಅಷ್ಟೇ ಅಂದುಕೊಳ್ಳುತ್ತಾರೆ. ಸುನಾಮಿಯಲ್ಲಿ ತಳದಿಂದ ಮೇಲಿನವರೆಗೆ ಇಡೀ ನೀರೇ ಎದ್ದು ಚಲಿಸುತ್ತದೆ, ಅದಕ್ಕೇ ದಡಕ್ಕೆ ಬಂದ ಮೇಲೂ ನಿಲ್ಲದೆ ನಿಮಿಷಗಟ್ಟಲೆ ಒಳಕ್ಕೆ ನುಗ್ಗುತ್ತಲೇ ಇರುತ್ತದೆ.

ನಾನು ಮಾಡಿದ್ದು ಹೀಗೆ. ಪರೀಕ್ಷೆ ಬರೆಯುವ ಪ್ಯಾಡ್ ಒಂದನ್ನು ತೊಟ್ಟಿಯ ತಳಕ್ಕೆ ಹಾಕಿ ಒಂದು ಅಂಚಿನ ಮೇಲೆ ಕಲ್ಲಿಟ್ಟೆ, ಇನ್ನೊಂದು ಅಂಚಿಗೆ ದಾರ ಕಟ್ಟಿ ಮೇಲೆ ತಂದೆ. ಆಚೆ ತುದಿಗೆ ಮರಳಿನ ಇಳಿಜಾರು. ದಾರ ಥಟ್ಟನೆ ಎಳೆದರೆ ತಳ ಏಳುತ್ತದೆ, ನೀರು ಉಬ್ಬಿ ಹೊರಟು ಮರಳನ್ನು ದಾಟಿಕೊಂಡು ಹೋಗುತ್ತದೆ. ನಾಲ್ಕು ಕಿಲೋಮೀಟರ್ ಆಳದ ಸಮುದ್ರದಲ್ಲಿ ಸುನಾಮಿಯ ವೇಗ ಗಂಟೆಗೆ ಸುಮಾರು 700 ಕಿಲೋಮೀಟರ್, ಹತ್ತು ಮೀಟರ್ ಆಳಕ್ಕೆ ಬಂದಾಗ 36. ಮುಂದಿನ ನೀರು ನಿಧಾನ ಆಗುತ್ತದೆ, ಹಿಂದಿನದು ಇನ್ನೂ ವೇಗದಲ್ಲಿ ಬರುತ್ತಿರುತ್ತದೆ. ಗಣಂಗೂರು ಟೋಲ್ ಹತ್ತಿರ ಹಬ್ಬದ ದಿನ ವಾಹನಗಳು ಒತ್ತೊತ್ತಾಗಿ ನಿಲ್ಲುವ ಹಾಗೆ ನೀರೂ ಒತ್ತೊತ್ತಾಗಿ ಎತ್ತರ ಆಗುತ್ತದೆ.

ಪುಸ್ತಿಕೆಯ 14ನೇ ಪುಟದಲ್ಲಿ "ಸುನಾಮಿಗೆ ಮುಂಚೆ ಸಮುದ್ರ ಹಿಂದೆ ಸರಿಯುತ್ತದೆ" ಅಂತ ಇದೆ. ಎಲ್ಲ ಕಡೆಯೂ ಹಾಗಾಗುವುದಿಲ್ಲ. 2004ರ ಡಿಸೆಂಬರ್ 26ರಂದು ಸುಮಾತ್ರಾ ಹತ್ತಿರ 9.1 ತೀವ್ರತೆಯ ಭೂಕಂಪ ಆದಾಗ ಥಾಯ್ಲೆಂಡ್ ಕಡೆ ನೀರು ಮೊದಲು ಹಿಂದೆ ಸರಿಯಿತು, ಆದರೆ ನಮ್ಮ ಕಡೆಗೆ ಹೊರಟಿದ್ದು ಉಬ್ಬಿದ ನೀರೇ. ನೀರು ಸರಿಯಲಿ ನೋಡೋಣ ಅಂತ ದಡದಲ್ಲಿ ಕಾಯುವುದನ್ನು ಯಾವ ಮಗುವೂ ಕಲಿಯಬಾರದು. ಅವತ್ತು ನಮ್ಮ ಸಮಯ ಬೆಳಿಗ್ಗೆ 6:28ಕ್ಕೆ ನೆಲ ನಡುಗಿತು, ಚೆನ್ನೈ ದಡಕ್ಕೆ ನೀರು ಬರಲು ಸುಮಾರು ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತು ಇತ್ತು, ಹೇಳುವ ವ್ಯವಸ್ಥೆ ಇರಲಿಲ್ಲ. ನಾಗಪಟ್ಟಿಣಂ ಜಿಲ್ಲೆ ಒಂದರಲ್ಲೇ ಆರು ಸಾವಿರ ಜನ ಹೋದರು. ಹೈದರಾಬಾದಿನ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. ಭೂಕಂಪದ ತೀರಾ ಹತ್ತಿರವಿದ್ದ ಸಿಮೆಲುಎ ದ್ವೀಪದಲ್ಲಿ ಮಾತ್ರ 78 ಸಾವಿರ ಜನರಲ್ಲಿ ಸತ್ತವರು ಏಳೇ ಮಂದಿ. 1907ರ ಸುನಾಮಿಯ ನೆನಪನ್ನು ಅಲ್ಲಿಯ ಅಜ್ಜ ಅಜ್ಜಿಯರು "ಸ್ಮೋಂಗ್" ಅನ್ನುವ ಹೆಸರಲ್ಲಿ ಹಾಡಿ, ಕಥೆ ಹೇಳಿ ಉಳಿಸಿದ್ದರು. ನೆಲ ಜೋರಾಗಿ ನಡುಗಿದರೆ ಗುಡ್ಡಕ್ಕೆ ಓಡು, ಅಷ್ಟೇ ಅದರ ಸಾರ. ಇದನ್ನು ನಾನು ಪ್ರತಿ ಸೆಕ್ಷನ್‌ಗೂ ಹೇಳುತ್ತೇನೆ. ನಮ್ಮ ಮಕ್ಕಳೂ ಗೋಕರ್ಣಕ್ಕೋ ರಾಮೇಶ್ವರಕ್ಕೋ ಪ್ರವಾಸ ಹೋಗುತ್ತಾರೆ.

ಪುಸ್ತಿಕೆಯ ಕನ್ನಡ ಓದಲು ಕಷ್ಟ. ಫಲಕಗಳು "ಕುದಿಯುವ ಲಾವಾರಸದ ಮೇಲೆ ತೇಲುತ್ತವೆ" ಅಂತಲೂ ಬರೆದಿದ್ದಾರೆ, ಅದೂ ತಪ್ಪು. ಫಲಕಗಳ ಕೆಳಗಿರುವ ಮ್ಯಾಂಟಲ್ ಅನ್ನುವ ಪದರ ಬಹುಪಾಲು ಗಟ್ಟಿ ಬಂಡೆಯೇ, ಆದರೆ ಬಿಸಿಗೆ ಬಹಳ ನಿಧಾನವಾಗಿ ಹರಿಯುತ್ತದೆ. ರಸ್ತೆ ಬದಿಯ ಡಾಂಬರು ಉಂಡೆ ಸುತ್ತಿಗೆಗೆ ಒಡೆಯುತ್ತದೆ, ಬಿಸಿಲಲ್ಲಿ ವಾರ ಬಿಟ್ಟರೆ ಹರಡಿಕೊಳ್ಳುತ್ತದೆ, ಅಂಥದ್ದು ಅಂತ ಹೇಳಿದೆ.

ಶಾಲೆಗೆ ಆದರೆ ತಗೊಳ್ಳಿ, ಸ್ಪ್ರಿಂಗ್ ಮತ್ತು ಮೇಜಿನಿಂದಲೇ ದುಡ್ಡು ಹುಟ್ಟುತ್ತದೆ. ಮನೆಯಲ್ಲಿ ಒಂದೇ ಮಗುವಿಗೆ ಆದರೆ 2,650 ಜಾಸ್ತಿ, ಸ್ಪ್ರಿಂಗ್ ಒಂದನ್ನೇ ಬೇರೆ ಕೊಂಡು ಉಳಿದದ್ದನ್ನು ಕಬ್ಬು, ಪ್ಯಾಡು, ರಬ್ಬರ್ ಬ್ಯಾಂಡಿನಲ್ಲಿ ಮಾಡಿಕೊಳ್ಳಬಹುದು. ಕೊಳ್ಳುವ ಮುಂಚೆ ತೊಟ್ಟಿಗೆ ಅಂಗಡಿಯಲ್ಲೇ ನೀರು ಹಾಕಿಸಿ ನೋಡಿ, ಪುಸ್ತಿಕೆಯ ಹೊಸ ಮುದ್ರಣ ಬಂದಿದೆಯಾ ಕೇಳಿ. ತಪ್ಪುಗಳ ಪಟ್ಟಿಯನ್ನು ನಾನು ತಯಾರಕರಿಗೆ ಪುಟದ ಸಂಖ್ಯೆ ಸಮೇತ ಬರೆದು ಕಳಿಸಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.