ಫೀಲ್ಡ್ ಇಕಾಲಜಿಸ್ಟ್ ಕೆಲಸಕ್ಕೆ ಸಹಿ ಹಾಕುವ ಮುಂಚೆ ಓಡಾಟದ ಗಂಟೆಗಳ ಬಗ್ಗೆ ಕೇಳಿ

ಒಂದು ಪರಿಸರ ಕನ್ಸಲ್ಟೆನ್ಸಿಯಲ್ಲಿ ಸೀಸನ್ ಪೂರ್ತಿ ಬಾವಲಿ ಸರ್ವೆ ಮಾಡಿದೆ, ಅಂದರೆ ಕಟ್ಟಡ ಕೆಡವೋ ಥರದ ಕೆಲಸಕ್ಕೆ ಮುಂಚೆ ಅಲ್ಲಿ ಬಾವಲಿಗಳಿವೆಯಾ ಅಂತ ನೋಡಿ ಎಣಿಸೋದು. ಇಂಥ ಕೆಲಸಕ್ಕೆ ಅರ್ಜಿ ಹಾಕುತ್ತಿರುವವರು ದಯವಿಟ್ಟು ಓದಿ.

ಸಂದರ್ಶನದಲ್ಲಿ ದಿನಕ್ಕೆ ಎಂಟು ಗಂಟೆ ಅಂದಿದ್ದರು. ಆದರೆ ಬಾವಲಿಗಳನ್ನು ಎಣಿಸೋದು ಅವು ಸಂಜೆ ಹೊರಬೀಳುವಾಗ, ಮತ್ತೆ ನಸುಕಿನಲ್ಲಿ ವಾಪಸ್ ಬರುವಾಗ. ನಡುವಿನ ಹೊತ್ತು ಕಾರಿನ ಸೀಟು ಒರಗಿಸಿಕೊಂಡು ಮಲಗುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ವರದಿ ಬರೆಯೋಕೆ ಕೂರಬೇಕು. ಸೈಟಿಗೆ ಹೋಗಿಬರುವ ನಾಲ್ಕು ಗಂಟೆ ಲೆಕ್ಕಕ್ಕೇ ಇಲ್ಲ. ‘ಟ್ರಾವೆಲ್ ಕೆಲಸ ಅಲ್ಲ’ ಅಂದರು ಮ್ಯಾನೇಜರ್. ಜಾಸ್ತಿ ದುಡಿದದ್ದಕ್ಕೆ ಸೀಸನ್ ಮುಗಿದ ಮೇಲೆ ರಜೆ ಕೊಡ್ತೀವಿ ಅಂದಿದ್ದರು. ಸೀಸನ್ ಮುಗಿದ ದಿನವೇ ನನ್ನ ಕಾಂಟ್ರಾಕ್ಟೂ ಮುಗಿಯಿತು.

ಮೂರನೇ ವಾರ, ನಸುಕಿನ ಸರ್ವೆ ಮುಗಿಸಿ ಬರುತ್ತಿದ್ದೆ. ರಸ್ತೆ ಅಂಚಿನ ಜಲ್ಲಿ ಟೈರಿನ ಕೆಳಗೆ ಕರಕರ ಅಂದಾಗಲೇ ಎಚ್ಚರವಾಯಿತು. ಕೈ ಸ್ಟೀರಿಂಗ್ ಮೇಲೇ ಇತ್ತು. ಹಿಂದಿನ ಎರಡು ತಿರುವು ನೆನಪೇ ಇಲ್ಲ. 17 ಗಂಟೆ ನಿದ್ದೆ ಇಲ್ಲದೆ ಇದ್ದರೆ ಸ್ವಲ್ಪ ಕುಡಿದವರ ಹಾಗೇ ಮೈ ಮನಸ್ಸು ಮಂದವಾಗುತ್ತದೆ. ಆ ರಾತ್ರಿ ಕಾರಿನಲ್ಲಿ ನಿದ್ದೆ ಬಂದಿರಲಿಲ್ಲ, ನಾನು ಅದಕ್ಕಿಂತ ಜಾಸ್ತಿ ಹೊತ್ತು ಎದ್ದಿದ್ದೆ.

ನನ್ನನ್ನು ಇನ್ನೂ ಕಾಡುವುದು ಬೇರೆ. ಬಾವಲಿಯ ಕೂಗು ಬಹುಪಾಲು 20 ಕಿಲೋಹರ್ಟ್ಸ್‌ಗಿಂತ ಮೇಲೆ, ನಮ್ಮ ಕಿವಿಗೆ ಕೇಳೋದಿಲ್ಲ. ಡಿಟೆಕ್ಟರ್ ಅದನ್ನು ಹಿಡಿಯುತ್ತದೆ. ಆದರೆ ಯಾವ ಸಂದಿಯಿಂದ ಹೊರಬಂತು ಅನ್ನೋದನ್ನು ಕಣ್ಣೇ ನೋಡಬೇಕು. ಕೆಡವಬೇಕಿದ್ದ ಒಂದು ಹಳೇ ಕಟ್ಟಡದ ಮುಂದೆ ಕೂತಲ್ಲೇ ತೂಕಡಿಸಿದೆ. ‘ಸುಮಾರು ಹತ್ತು ನಿಮಿಷ ಗಮನ ಇರಲಿಲ್ಲ’ ಅಂತ ಫಾರ್ಮಿನಲ್ಲಿ ಬರೆದೆ, ಇನ್ನೊಂದು ಸಲ ಸರ್ವೆ ಮಾಡೋಣ ಅಂತಲೂ ಕೇಳಿದೆ. ಕ್ಲೈಂಟ್ ಒಪ್ಪಲ್ಲ ಅಂದರು ಮ್ಯಾನೇಜರ್. ಅಂತಿಮ ವರದಿಯಲ್ಲಿ ನನ್ನ ಆ ಸಾಲು ಇರಲಿಲ್ಲ, ಬಾವಲಿಗಳ ಸಂಖ್ಯೆ ಸೊನ್ನೆ ಅನ್ನೋದು ಮಾತ್ರ ಉಳಿದಿತ್ತು. ಒಳಗೆ ಮರಿಗಳಿದ್ದಿದ್ದರೆ?

ಒಬ್ಬರೇ ಹೋದಾಗ ಸರ್ವೆ ಮುಗಿದ ತಕ್ಷಣ ಮೆಸೇಜ್ ಹಾಕಬೇಕು ಅನ್ನೋದು ನಿಯಮ. ಒಮ್ಮೆ ನೆಟ್‌ವರ್ಕ್ ಸಿಗದೆ ಮಾರನೇ ದಿನ ಮಧ್ಯಾಹ್ನ ಹಾಕಿದೆ. ಅಲ್ಲಿಯವರೆಗೆ ಯಾರೂ ನನ್ನನ್ನು ಹುಡುಕಿರಲಿಲ್ಲ.

ಹಾಗಾಗಿ ಓಡಾಟದ ಸಮಯಕ್ಕೆ ಸಂಬಳ ಉಂಟಾ, ಸಂಜೆ ಸರ್ವೆ ಮಾಡಿದವರನ್ನೇ ನಸುಕಿನದಕ್ಕೂ ಕಳಿಸ್ತಾರಾ, ದೂರದ ಸೈಟಾದರೆ ಉಳಿಯೋಕೆ ರೂಮ್ ಕೊಡ್ತಾರಾ ಅಂತ ಮೊದಲೇ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ರಾತ್ರಿ ನಿಮ್ಮ ಮೆಸೇಜ್ ಬರದಿದ್ದರೆ ಯಾರು, ಎಷ್ಟು ಹೊತ್ತಿಗೆ ಫೋನ್ ಮಾಡ್ತಾರೆ ಅಂತಲೂ ಕೇಳಿ. ಆ ಒಬ್ಬರ ಹೆಸರು ಹೇಳೋಕೆ ತಡವರಿಸಿದರೆ ಸಹಿ ಹಾಕಬೇಡಿ.