315 ಬೋಲ್ಟ್ ರೈಫಲ್: ಆರು ವರ್ಷ ಬಳಸಿದ ಮೇಲೆ

2019ರಲ್ಲಿ, ಲೋಕಸಭೆ ಚುನಾವಣೆ ಮುಗಿದ ಮೇಲೆ ತಗೊಂಡ ರೈಫಲ್ ಇದು. ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಅಗುಳಿಯನ್ನು ಕೈಯಲ್ಲಿ ಹಿಂದೆ ಮುಂದೆ ಎಳೆಯಬೇಕಾದ ಬಗೆ. ಹೊಳಲ್ಕೆರೆ ಕಡೆ ನಮ್ಮದು ಅಡಿಕೆ ತೋಟ, ಪಕ್ಕದಲ್ಲಿ ಸ್ವಲ್ಪ ಮೆಕ್ಕೆಜೋಳ. ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಅಪ್ಪನ ಕಾಲದಿಂದ ಇತ್ತು. ಅದು ನನ್ನ ಹೆಸರಿಗೆ ಆದಾಗ ಹಳೇ ಒಂಟಿ ನಳಿಗೆ ಬಂದೂಕನ್ನು ಅಂಗಡಿಗೆ ಕೊಟ್ಟು, ದೇಶದಲ್ಲೇ ತಯಾರಾದ 315 (ನಳಿಗೆಯ ಒಳಅಳತೆ .315 ಇಂಚು) ತಂದೆ. ಟ್ಯಾಕ್ಸ್ ಎಲ್ಲಾ ಸೇರಿ ಲಕ್ಷದ ಮೇಲಾಯಿತು. ಆದರೂ ನಮ್ಮಲ್ಲಿ ಕಡಿಮೆ ಬೆಲೆಯ ಬೋಲ್ಟ್ ರೈಫಲ್‌ಗಳಲ್ಲಿ ಇದೂ ಒಂದು. ಫಾರಿನ್ ರೈಫಲ್ ಆಮದು ಸಾಮಾನ್ಯ ಜನಕ್ಕೆ ಎಂಬತ್ತರ ದಶಕದಿಂದಲೇ ಹೆಚ್ಚುಕಡಿಮೆ ನಿಂತಿದೆ, ಹಳೇ ಮಾಲು ಸಿಕ್ಕರೂ ಬೆಲೆ ಕೇಳುವ ಹಾಗಿಲ್ಲ. ಕಂಪನಿ ಹೆಸರು ಬರೆಯುವುದಿಲ್ಲ. ನನ್ನ ಹತ್ತಿರ ಇರುವುದು ಒಂದೇ ಪೀಸ್, ಅದನ್ನಿಟ್ಟುಕೊಂಡು ಎಲ್ಲವನ್ನೂ ಅಳೆಯುವುದು ಸರಿಯಲ್ಲ.

315 ಅನ್ನುವ ಅಳತೆ ಎಲ್ಲಿಂದ ಬಂತು ಅಂತ ತುಂಬಾ ಜನ ಕೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ 303 ತೋಟಾ ಜನರ ಕೈಗೆ ಹೋಗಬಾರದು ಅಂತ ನಿಷೇಧ ಇತ್ತು. ಅದಕ್ಕೆ ಅದೇ ಲೀ ಎನ್‌ಫೀಲ್ಡ್ ಮಾದರಿಯ ಬೋಲ್ಟ್‌ಗೆ ಆಸ್ಟ್ರಿಯಾದ 8 ಮಿ.ಮೀ. ಮಾನ್‌ಲಿಕರ್ ತೋಟಾ ಕೂರಿಸಿದರು. ಬೋಲ್ಟ್ ಲೀ ಎನ್‌ಫೀಲ್ಡ್ ಮಾದರಿಯದ್ದಾದ್ದರಿಂದ ಎತ್ತುವಾಗ ಹಗುರ, ಮುಂದೆ ತಳ್ಳಿ ಮುಚ್ಚುವಾಗ ಕೊನೆಯಲ್ಲಿ ಸ್ಪ್ರಿಂಗ್ ಬಿಗಿ ಅಂಗೈಗೆ ಗೊತ್ತಾಗುತ್ತದೆ. ಇದು ದೋಷ ಅಲ್ಲ, ಅದರ ರಚನೆಯೇ ಹಾಗೆ. ಟ್ರಿಗರ್ ಕೂಡ ಎರಡು ಹಂತದ್ದು. ಮೊದಲು ಸಲೀಸಾಗಿ ಸ್ವಲ್ಪ ಹಿಂದೆ ಬರುತ್ತದೆ, ಅಲ್ಲಿ ನಿಲ್ಲುತ್ತದೆ, ಆಮೇಲೆ ಒತ್ತಬೇಕು. ನನ್ನದರಲ್ಲಿ ಆ ಎರಡನೇ ಒತ್ತು ತೀರಾ ಗಟ್ಟಿ ಇತ್ತು, ಈಗಲೂ ಗಟ್ಟಿಯೇ.

ಮೊದಲ ಸಲ ರೇಂಜ್‌ಗೆ (ಗುರಿ ಅಭ್ಯಾಸದ ಜಾಗ) ಹೋದ ದಿನ ಮನಸ್ಸು ಮುರಿದುಹೋಯಿತು. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಮುಗಿಸಿದ್ದೆ, ಹಿಡಿಯುವುದು, ಉಸಿರು ಕಟ್ಟುವುದು ಎಲ್ಲಾ ಗೊತ್ತಿತ್ತು. ಪಕ್ಕದ ಜಿಲ್ಲೆಯ ಒಂದು ಕ್ಲಬ್ಬಿನಲ್ಲಿ ಮರಳು ಚೀಲದ ಮೇಲಿಟ್ಟು 100 ಮೀಟರಿಗೆ ಹತ್ತು ಗುಂಡು ಹೊಡೆದೆ. ಗುರಿಯ ಪೇಪರ್ ತಂದು ತೂತುಗಳ ಮೇಲೆ ಸ್ಕೇಲ್ ಇಟ್ಟರೆ ಆ ಅಂಚಿಂದ ಈ ಅಂಚಿಗೆ ಒಂಬತ್ತು ಇಂಚು! ಎಲ್ಲವೂ ಎಡಕ್ಕೆ. ಅದರಲ್ಲಿ ಮೊದಲಿನ ಮೂರು ಮಾತ್ರ ಎರಡೂವರೆ ಇಂಚಿನೊಳಗೆ ಕೂತಿದ್ದವು. ಆ ಮೂರರ ಫೋಟೋ ಮಾತ್ರ ಹಾಕಿದ್ದರೆ ಎಷ್ಟು ಚಂದ ಅನ್ನಿಸುತ್ತಿತ್ತು, ಅಲ್ವಾ? ಅದಕ್ಕೇ ಮೂರು ಗುಂಡಿನ ಗ್ರೂಪ್ (ಪೇಪರಿನಲ್ಲಿ ಬಿದ್ದ ತೂತುಗಳ ಗುಂಪು) ತೋರಿಸಿ ರೈಫಲ್ ಹೊಗಳುವವರನ್ನು ನಾನು ನಂಬುವುದಿಲ್ಲ. ಕನಿಷ್ಠ ಹತ್ತು ಹೊಡೆಯಬೇಕು.

ನಳಿಗೆಯೇ ಕೆಟ್ಟದ್ದು ಅಂತ ತೀರ್ಮಾನ ಮಾಡಿಕೊಂಡು ದಾವಣಗೆರೆಯಲ್ಲಿ ಲೈಸೆನ್ಸ್ ಇರುವ ಒಬ್ಬ ಹಳೇ ರಿಪೇರಿ ಮೇಸ್ತ್ರಿ ಹತ್ತಿರ ತಗೊಂಡು ಹೋದೆ. ಅವರು ಬೋಲ್ಟ್ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. "ನಳಿಗೆ ಬೈಬ್ಯಾಡ್ರಿ ಗೌಡ್ರೇ, ಮೊದ್ಲು ಮರ ನೋಡ್ರಿ" ಅಂದರು. ಮೇಜಿನ ಮೇಲಿದ್ದ ಹಳೇ ಮದುವೆ ಕಾರ್ಡಿನಿಂದ ಒಂದು ಪಟ್ಟಿ ಕತ್ತರಿಸಿ, ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ತೂರಿಸಿದರು. ಬಲಗಡೆ ಸರಾಗವಾಗಿ ಓಡಿತು. ಎಡಗಡೆ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಆಮೇಲೆ ಮುಂದಿನ ಮರ ಹಿಡಿದಿರುವ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟರೆ ಮುಕ್ಕಾಲು ಸುತ್ತು ಸುಮ್ನೆ ತಿರುಗಿತು.

ವಿಷಯ ಇಷ್ಟೇ. ನಮ್ಮ ಚಿತ್ರದುರ್ಗದ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಗುಂಡು ಹಾರುವಾಗ ನಳಿಗೆ ಅದುರುತ್ತದೆ. ಮರ ಪ್ರತಿ ಸಲ ಒಂದೇ ರೀತಿ ತಾಗಿದರೆ ತೊಂದರೆ ಇಲ್ಲ, ಗುಂಡು ಒಂದೇ ಕಡೆ ಹೋಗುತ್ತದೆ. ಒಂದು ಸಲ ತಾಗಿ ಇನ್ನೊಂದು ಸಲ ಬಿಟ್ಟರೆ, ಅಥವಾ ಬಿಸಿಯಾದ ನಳಿಗೆ ಒಂದೇ ಪಕ್ಕಕ್ಕೆ ಒತ್ತಿಕೊಂಡರೆ, ಗುಂಡು ಊರೆಲ್ಲಾ ಸುತ್ತುತ್ತದೆ. ಮೇಸ್ತ್ರಿ ತಾಗುತ್ತಿದ್ದ ಜಾಗ ಕೆರೆದು, ಒಳಗೆ ಅಗಸೆ ಎಣ್ಣೆ ಕುಡಿಸಿ, ಎರಡು ದಿನ ಬಿಟ್ಟು ಸ್ಕ್ರೂ ಬಿಗಿ ಮಾಡಿ ಕೊಟ್ಟರು. ಮುಂದಿನ ಸೈಟನ್ನೂ (ನಳಿಗೆ ತುದಿಯಲ್ಲಿ ಗುರಿ ಹಿಡಿಯಲು ಇರುವ ಮೊನೆ) ಎಡಕ್ಕೆ ತುಸು ಸರಿಸಿದರು. ಗುಂಡು ಯಾವ ಕಡೆ ಹೋಗುತ್ತಿದೆಯೋ ಮುಂದಿನ ಸೈಟ್ ಅದೇ ಕಡೆ ಸರಿಸಬೇಕು, ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ನನ್ನದರಲ್ಲಿ ಎರಡು ಸೈಟಿನ ನಡುವೆ ಸುಮಾರು ಅರ್ಧ ಮೀಟರ್ ಇದೆ. ಅಂದರೆ ಒಂದೇ ಒಂದು ಮಿಲಿಮೀಟರ್ ಸರಿದರೂ 100 ಮೀಟರಿನಲ್ಲಿ ಗುಂಡು ಹತ್ತಿರ ಹತ್ತಿರ ಎಂಟು ಇಂಚು ಸರಿಯುತ್ತದೆ. ಸುತ್ತಿಗೆ ತಗೊಂಡು ಮನೆಯಲ್ಲಿ ಕುಟ್ಟುವ ಕೆಲಸ ಅಲ್ಲ ಇದು.

ಮತ್ತೆ ಅದೇ ರೇಂಜ್, ಅದೇ ಮರಳು ಚೀಲ, ಹತ್ತು ಗುಂಡು. ನಾಲ್ಕು ಇಂಚು. ನಡುವೆ ನಳಿಗೆ ಆರಲು ಬಿಟ್ಟಿದ್ದೆ, ಐದು ಗುಂಡು ಬೆನ್ನಿಗೇ ಹೊಡೆದರೆ ಚೆನ್ನಾಗಿ ಕಾಯುತ್ತದೆ. ಬರಿಗಣ್ಣಿನ ಸೈಟ್‌ನಲ್ಲಿ, ಐವತ್ತರ ಹತ್ತಿರ ಬಂದ ನನ್ನ ಕಣ್ಣಿಗೆ, ನಾಲ್ಕು ಇಂಚು ನಿಜಕ್ಕೂ ಒಳ್ಳೆಯದು. ಈ ಆರು ವರ್ಷದಲ್ಲಿ ಇನ್ನೂರು ಚಿಲ್ಲರೆ ತೋಟಾ ಹೊಡೆದಿದ್ದೇನೆ. ಸ್ಕ್ರೂ ಬಿಗಿ ಇದ್ದಾಗೆಲ್ಲಾ ನಾಲ್ಕರಿಂದ ಐದು ಇಂಚು ಬಿಟ್ಟು ಹೋಗಿಲ್ಲ. ಒಮ್ಮೆ ಮಾತ್ರ ಹೊಸ ಲಾಟ್‌ನ (ಕಾರ್ಖಾನೆಯಲ್ಲಿ ಒಟ್ಟಿಗೇ ತಯಾರಾದ ಕಂತು) ತೋಟಾ ತಂದಾಗ ಆರು ಇಂಚಾಯಿತು, ಎಲ್ಲವೂ ಮೂರು ಇಂಚು ಕೆಳಗೆ ಬೇರೆ. ಅಂದಿನಿಂದ ಡಬ್ಬದ ಮೇಲಿನ ಲಾಟ್ ನಂಬರ್ ನೋಡಿ ಒಂದೇ ಲಾಟ್‌ನದು ಕೇಳಿ ತರುತ್ತೇನೆ.

ಅಮೆರಿಕದಲ್ಲಿ ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್ ಥರದ ಅಗ್ಗದ ರೈಫಲ್‌ಗಳು ಒಂದು, ಒಂದೂವರೆ ಇಂಚಿನ ಗ್ರೂಪ್ ಕೊಡುತ್ತವೆ ಅಂತ ಓದಿ ನಮ್ಮ 315ನ್ನು ಬೈಯುವವರಿದ್ದಾರೆ. ಅವುಗಳ ಹಿಡಿ ಪ್ಲಾಸ್ಟಿಕ್ಕಿನದು, ಬಿಸಿಲು ಮಳೆಗೆ ಮರದಷ್ಟು ಅಲುಗುವುದಿಲ್ಲ. ನಳಿಗೆ ಎಲ್ಲೂ ತಾಗದಂತೆ ಬಿಟ್ಟಿರುತ್ತಾರೆ. ಮೇಲೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಬೇರೆ. ಅವರು ಎಲ್ಲೆಲ್ಲಿ ದುಡ್ಡು ಉಳಿಸಿದ್ದಾರೆ ನೋಡಿ, ಪಾಲಿಶ್‌ನಲ್ಲಿ, ಮರದಲ್ಲಿ, ಅಂದದಲ್ಲಿ. ಗುರಿಗೆ ಬೇಕಾದ್ದರಲ್ಲಿ ಉಳಿಸಿಲ್ಲ. ನನ್ನದರಲ್ಲಿ ನಳಿಗೆ ಚೆನ್ನಾಗಿದೆ, ಆದರೆ ಅದನ್ನು ಮರದಲ್ಲಿ ಕೂರಿಸುವಾಗ ಗಮನ ಕೊಟ್ಟಿಲ್ಲ. ಅರ್ಧ ದಿನದ ಕೈಕೆಲಸ ಅದು. ಇದು ನನಗೆ ಇವತ್ತಿಗೂ ಬೇಜಾರು.

ಮ್ಯಾಗಜಿನ್ ಬಗ್ಗೆ ಒಂದು ಮಾತು. ಐದು ತೋಟಾ ಹಿಡಿಯುತ್ತದೆ. 315 ತೋಟಾದ ಬುಡಕ್ಕೆ ಅಂಚು ಇದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಬರಬೇಕು, ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಂಡು ಬೋಲ್ಟ್ ಅರ್ಧಕ್ಕೆ ನಿಲ್ಲುತ್ತದೆ. ಮೊದಲ ವರ್ಷ ನಾಲ್ಕು ಸಲ ಹೀಗಾಯಿತು, ಪ್ರತಿ ಸಲ ಮ್ಯಾಗಜಿನ್ನನ್ನೇ ಬೈದೆ. ಈಗ ಪ್ರತಿ ತೋಟಾ ಇಟ್ಟ ಮೇಲೆ ಹೆಬ್ಬೆರಳಲ್ಲಿ ಅಂಚು ಮುಟ್ಟಿ ನೋಡುತ್ತೇನೆ, ಆಮೇಲೆ ಒಂದು ಸಲವೂ ಸಿಕ್ಕಿಕೊಂಡಿಲ್ಲ.

ಎಣ್ಣೆ ಜಾಸ್ತಿ ಹಾಕಬೇಡಿ. ಆಷಾಢದ ಗಾಳಿಗೆ ನಮ್ಮ ಕಡೆ ಎಷ್ಟು ಧೂಳು ಅಂತ ಹೇಳಬೇಕಿಲ್ಲ, ಎಣ್ಣೆ ಸೇರಿ ಅದು ಬೋಲ್ಟ್ ಒಳಗೆ ಉಜ್ಜುಪುಡಿ ಆಗಿಬಿಡುತ್ತದೆ. ಬಟ್ಟೆಯಲ್ಲಿ ತೆಳ್ಳಗೆ ಒರೆಸಿದರೆ ಸಾಕು. ಆದರೆ ಚುನಾವಣೆ ಸಮಯದಲ್ಲಿ ಬಂದೂಕನ್ನು ಠಾಣೆಗೆ ಒಪ್ಪಿಸುವಾಗ ಮಾತ್ರ ಧಾರಾಳವಾಗಿ ಹಚ್ಚಿ ಕೊಡಿ. 2023ರಲ್ಲಿ ಎಣ್ಣೆ ಹಚ್ಚದೆ ಕೊಟ್ಟು ನಳಿಗೆಯ ಹೊರಗೆ ತುಕ್ಕಿನ ಚುಕ್ಕೆ ಬಂತು, ತಪ್ಪು ನನ್ನದೇ. 2024ರಲ್ಲಿ ಎಣ್ಣೆ ಹಚ್ಚಿ ಕೊಟ್ಟೆ, ಹೋದ ಹಾಗೇ ಬಂತು. ವಾಪಸ್ ತಂದ ಮೇಲೆ ನಳಿಗೆ ಒಳಗಿನ ಎಣ್ಣೆ ಪೂರ್ತಿ ಒರೆಸಿ, ಇಲ್ಲದಿದ್ದರೆ ಮೊದಲ ಗುಂಡು ಬೇರೆ ಕಡೆಗೇ ಹೋಗುತ್ತದೆ.

ಬೆಳೆ ಕಾಯಲು ಇದು ಸರಿಯೇ? ನನ್ನ ಅಭಿಪ್ರಾಯ, ಅಲ್ಲ. ಈ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಮೆಕ್ಕೆಜೋಳದ ಬಯಲಿನಲ್ಲಿ ಅದನ್ನು ತಡೆಯಲು ಏನಿದೆ? ಆಚೆ ಹೊಲದಲ್ಲಿ ಯಾರೋ ನೀರು ಕಟ್ಟುತ್ತಿರುತ್ತಾರೆ. ಕಾಡುಹಂದಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ, ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಆ ಅನುಮತಿ ಅಲ್ಲ. ನಾನು ಹಂದಿಗೆ ಸೋಲಾರ್ ಬೇಲಿ ಹಾಕಿಸಿದೆ. ರೈಫಲ್ ಈಗ ರೇಂಜ್‌ಗೆ ಮಾತ್ರ, ವರ್ಷಕ್ಕೆ ಎರಡು ಮೂರು ಸಲ.

ತಗೊಳ್ಳುವವರು ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ದಪ್ಪ ಕಾಗದದ ಪಟ್ಟಿ ಇಟ್ಟುಕೊಳ್ಳಿ. ಎರಡು ಮೂರು ಪೀಸ್ ತೆಗೆಸಿ ನಳಿಗೆಯ ಎರಡೂ ಕಡೆ ತೂರಿಸಿ ನೋಡಿ, ಹಿಂದಿನಿಂದ ನೋಡಿ ಮುಂದಿನ ಸೈಟ್ ನೆಟ್ಟಗಿದೆಯಾ ಅಂತ ಗಮನಿಸಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಲಕ್ಷ ಕೊಡುವವರು ನೀವು. ನಾನು ಅವತ್ತು ಡಬ್ಬ ಕೂಡ ಪೂರ್ತಿ ಬಿಚ್ಚಿಸದೆ ಸಹಿ ಹಾಕಿ ತಂದೆ. ಸ್ಕ್ರೂ ಮೇಲೆ ಈಗ ಬಿಳಿ ಪೇಂಟಿನ ಒಂದು ಗೆರೆ ಎಳೆದಿದ್ದೇನೆ, ಮರದ ಮೇಲೂ ಅದರ ನೇರಕ್ಕೆ ಇನ್ನೊಂದು. ಯುಗಾದಿ ಹೊತ್ತಿಗೆ ನೋಡಿದರೆ ಸ್ಕ್ರೂ ಮೇಲಿನ ಗೆರೆ ಪ್ರತಿ ವರ್ಷ ಕೂದಲೆಳೆಯಷ್ಟು ಜರುಗಿರುತ್ತದೆ.